ಮುಂಬಯಿಯಲ್ಲಿ ಹಳೆ ವಾಲ್ವ್ ರೇಡಿಯೋ ಹುಡುಕಿ ಹಾಡಿಸುವುದು ಹೇಗೆ

ಹಳೆ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಸೆಟ್ಟು) ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ: ಮನೆಗೆ ತಂದು ಪ್ಲಗ್ ಹಾಕಿ ನೋಡುವುದು. ದಯವಿಟ್ಟು ಅದೊಂದು ಮಾಡಬೇಡಿ. ಎಷ್ಟೋ ವರ್ಷ ಕರೆಂಟು ಕಾಣದ ಸೆಟ್ಟಿನಲ್ಲಿ ಕಂಡೆನ್ಸರ್‌ಗಳು (ಕೆಪಾಸಿಟರ್‌ಗಳು) ಒಣಗಿರುತ್ತವೆ, ಇಲ್ಲವೇ ಲೀಕ್ ಆಗುತ್ತಿರುತ್ತವೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಸೆಟ್ಟು ಸ್ವಲ್ಪ ಹೊತ್ತು ಹಾಡಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಸುಟ್ಟುಕೊಳ್ಳಬಹುದು. ಕಂಡೆನ್ಸರ್ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಪ್ಲಗ್ ಹಾಕುವ ಮುಂಚಿನ ಮಾತೇ ಜಾಸ್ತಿ.

ಮೊದಲ ಸೆಟ್ಟು ಯಾವುದಿರಬೇಕು

ಹೊಸಬರಿಗೆ ನನ್ನ ಸಲಹೆ ಇಷ್ಟೇ. ಮೇನ್ಸ್ ಟ್ರಾನ್ಸ್‌ಫಾರ್ಮರ್ (ಮನೆಯ ಕರೆಂಟನ್ನು ಸೆಟ್ಟಿಗೆ ಬೇಕಾದ ವೋಲ್ಟಿಗೆ ಬದಲಿಸುವುದು) ಇರುವ, ಮರದ ಡಬ್ಬಿಯ, 1950–60ರ ದಶಕದ ಸಾಧಾರಣ ಮನೆ ರೇಡಿಯೋ ತೆಗೆದುಕೊಳ್ಳಿ. ಮರ್ಫಿ, ಫಿಲಿಪ್ಸ್, ಬುಷ್, ಎಚ್‌ಎಂವಿ, ಜಿಇಸಿ, ನ್ಯಾಷನಲ್ ಎಕೋ, ಟೆಲಿರಾಡ್, ಯಾವುದಾದರೂ ಸರಿ. ಮರ್ಫಿಯ ಕಾರ್ಖಾನೆ ಠಾಣೆಯಲ್ಲೇ ಇತ್ತು, ಹಾಗಾಗಿ ನಮ್ಮ ಈ ಕಡೆ ಮರ್ಫಿ ಕಣ್ಣಿಗೆ ಬೀಳುವುದು ಸಹಜ. ಹೆಸರಿಗಿಂತ ಒಳಗೆ ಏನಿದೆ ಅನ್ನುವುದು ಮುಖ್ಯ.

ಹಿಂದಿನ ಮುಚ್ಚಳ ತೆಗೆದು ವಾಲ್ವ್‌ಗಳ ಮೇಲಿನ ನಂಬರ್ ಓದಿ. ಇಸಿಎಚ್ 81, ಇಬಿಎಫ್ 89, ಇಎಲ್ 84, ಇಝಡ್ 80, ಹೀಗೆ 'ಇ' ಅಕ್ಷರದಿಂದ ಶುರುವಾದರೆ ಫಿಲಮೆಂಟ್ (ಒಳಗೆ ಕೆಂಪಗೆ ಕಾಯುವ ತಂತಿ) 6.3 ವೋಲ್ಟಿನದು, ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಸೆಟ್. ಯುಸಿಎಚ್ 81, ಯುಸಿಎಲ್ 82, ಯುವೈ 85, ಹೀಗೆ 'ಯು' ಇಂದ ಶುರುವಾದರೆ ಅದು ಎಸಿ-ಡಿಸಿ ಸೆಟ್. ಅದನ್ನು ಮೊದಲ ಸಲಕ್ಕೆ ಮುಟ್ಟಲೇಬೇಡಿ. ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇಲ್ಲ. ಎಲ್ಲ ಫಿಲಮೆಂಟ್‌ಗಳೂ ಸಾಲಾಗಿ ಜೋಡಿಸಿರುತ್ತವೆ, ಮೇನ್ಸಿನ ಒಂದು ವೈರು ನೇರ ಚಾಸಿಗೇ (ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟಿಗೇ) ಬಂದಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಚಾಸಿಗೆ ಕರೆಂಟು. ನಾಬ್ ಬಿದ್ದುಹೋದ ಕಡೆ ಬೆರಳು ತಾಗಿದರೂ ಸಾಕು. ಸೆಟ್ಟು ಕೆಟ್ಟಿರುವುದರಿಂದ ಹೀಗಾಗುವುದಲ್ಲ, ಅದನ್ನು ಮಾಡಿದ್ದೇ ಹಾಗೆ. ರಿಪೇರಿಗೆ ಸೆಟ್ಟನ್ನು ಮೇನ್ಸಿನಿಂದ ಬೇರೆಯಾಗಿಡುವ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಇನ್ನೊಂದು ಆಸೆ ಬರುತ್ತದೆ: ಮದುವೆ ಮನೆ, ದೇವಸ್ಥಾನಗಳಲ್ಲಿ ಕೂಗುತ್ತಿದ್ದ ಹಳೆ ವಾಲ್ವ್ ಆಂಪ್ಲಿಫೈಯರ್. ನೋಡಲು ಗಟ್ಟಿಮುಟ್ಟು, ವಾಲ್ವ್‌ಗಳೂ ದೊಡ್ಡವು. ಆದರೆ ಒಳಗೆ 400 ವೋಲ್ಟಿಗಿಂತ ಜಾಸ್ತಿ ಓಡಾಡುತ್ತಿರಬಹುದು. ಅದು ಎರಡನೇ ಸೆಟ್ಟಿಗೋ ಮೂರನೇ ಸೆಟ್ಟಿಗೋ ಇರಲಿ.

ರೇಡಿಯೋದ ಬೆನ್ನಿಗೆ ಪಿಯು ಅಥವಾ ಗ್ರಾಮ್ ಅಂತ ಬರೆದ ಎರಡು ತೂತು ಇದ್ದರೆ ನಿಮ್ಮ ಅದೃಷ್ಟ. ಅದು ಗ್ರಾಮೋಫೋನ್ ಪಿಕಪ್ ಜೋಡಿಸುವ ಜಾಗ. ಅದು ಇದ್ದರೆ ನಿಮ್ಮ ರೇಡಿಯೋ ಒಂದು ವಾಲ್ವ್ ಆಂಪ್ಲಿಫೈಯರ್ ಕೂಡ ಹೌದು. ಫೋನಿನ ಹಾಡನ್ನು ಅದರಲ್ಲಿ ಕೇಳುವುದು ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಎಲ್ಲಿ ಹುಡುಕುವುದು

ಎಲ್ಲರ ಬಾಯಲ್ಲೂ ಮೊದಲು ಬರುವುದು ಚೋರ್ ಬಜಾರ್. ಭೇಂಡಿ ಬಜಾರಿನ ಹತ್ತಿರ, ಮಟನ್ ಸ್ಟ್ರೀಟ್. ಗ್ರ್ಯಾಂಟ್ ರೋಡ್ ಅಥವಾ ಸ್ಯಾಂಡ್‌ಹರ್ಸ್ಟ್ ರೋಡ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ, ಆದರೆ ಅವತ್ತು ನಸುಕಿನಲ್ಲೇ ರಸ್ತೆಬದಿಯಲ್ಲಿ ಹಳೆ ಸಾಮಾನಿನ ಸಂತೆ ಕೂಡುತ್ತದೆ. ಪಾಲಿಶ್ ಹೊಡೆದು ಶೋಕೇಸಿನಲ್ಲಿಟ್ಟ ರೇಡಿಯೋ ಒಳಾಂಗಣ ಅಲಂಕಾರದವರಿಗೆ, ಸಿನಿಮಾ ಸೆಟ್ಟಿನವರಿಗೆ. ಹೊರಗೆ ಮಿರಮಿರ ಮಿಂಚುತ್ತದೆ, ಒಳಗೆ ಎಷ್ಟೋ ಸಲ ಚಾಸಿಯೇ ಇರುವುದಿಲ್ಲ. ನಿಮಗೆ ಬೇಕಾದದ್ದು ಧೂಳು ಹಿಡಿದ, ಯಾರೂ ಕೈ ಹಾಕದ ಸೆಟ್. 'ಚಾಲೂ ಹೈ ಸಾಬ್' ಅಂತ ಅಂಗಡಿಯವನು ಪ್ಲಗ್ ಹಾಕಲು ಹೋದರೆ ಬೇಡ ಅನ್ನಿ. ಚಾಲೂ ಇಲ್ಲದ ಸೆಟ್ಟಿನ ರೇಟಿಗೇ ಚೌಕಾಸಿ ಮಾಡಿ. ಹೇಗಿದ್ದರೂ ನೀವು ಎಲ್ಲ ಕಂಡೆನ್ಸರ್ ಬದಲಿಸುವವರೇ ಅಲ್ವಾ?

ಪುಣೆಯ ಕನ್ನಡಿಗರಿಗೆ ಜುನಾ ಬಜಾರ್ ಇದೆ. ಬುಧವಾರ ಮತ್ತು ಭಾನುವಾರ.

ಆದರೆ ನನ್ನನ್ನು ಕೇಳಿದರೆ, ಒಳ್ಳೆಯ ಸೆಟ್ ಬಜಾರಿಗಿಂತ ನಮ್ಮವರ ಮನೆಗಳಲ್ಲೇ ಸಿಗುತ್ತದೆ. ಮಾಟುಂಗಾ, ದಾದರ್, ಡೊಂಬಿವಲಿ, ಮುಲುಂಡ್ ಕಡೆ ಹಳೆ ಬಿಲ್ಡಿಂಗುಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಲೇ ಇವೆ. ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ರೇಡಿಯೋ ಸೀದಾ ಭಂಗಾರ್‌ವಾಲಾನ (ಗುಜರಿಯವನ) ಗಾಡಿಗೆ ಹೋಗುತ್ತದೆ. ಹಳೆ ಉಡುಪಿ ಹೋಟೆಲುಗಳ ಮಾಳಿಗೆಯಲ್ಲೂ ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲೂ ಇಂಥವು ಕೂತಿರುತ್ತವೆ. ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲೋ ಕಾರ್ಯಕ್ರಮ ಮುಗಿದ ಮೇಲೆ ಹಿರಿಯರ ಹತ್ತಿರ ಸುಮ್ನೆ ಕೇಳಿ ನೋಡಿ: 'ಮಾಮಾ, ನಿಮ್ಮಲ್ಲಿ ಹಳೇ ರೇಡಿಯೋ ಏನಾದರೂ ಉಂಟಾ?' 'ಉಂಟು ಮಾರಾಯ, ಮೇಲೆ ಧೂಳು ತಿಂತಾ ಉಂಟು, ಬೇಕಾದ್ರೆ ತಗೊಂಡು ಹೋಗು' ಅನ್ನುವವರು ಇದ್ದಾರೆ. ಮನೆಯ ಸೆಟ್ಟಿಗೆ ಇನ್ನೊಂದು ಗುಣ. ಅದು ಒಂದೇ ಕೈಯಲ್ಲಿ ಇದ್ದದ್ದು, ಬಿಡಿಭಾಗ ಕಿತ್ತಿರುವುದಿಲ್ಲ. ಜೊತೆಗೆ ಪೋಸ್ಟ್ ಆಫೀಸಿನ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕರೆ ಎಸೆಯಬೇಡಿ. ವರ್ಷ ವರ್ಷ ದುಡ್ಡು ಕಟ್ಟಿ ರೇಡಿಯೋ ಕೇಳುತ್ತಿದ್ದ ಕಾಲದ ದಾಖಲೆ ಅದು.

ಕೊಳ್ಳುವ ಮುಂಚೆ ಕಣ್ಣಲ್ಲೇ ನೋಡುವುದು

ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಸುತ್ತ ಕಪ್ಪು ಡಾಂಬರಿನಂಥದ್ದು ಸೋರಿದ್ದರೆ, ಮೂಗು ಹತ್ತಿರ ಹಿಡಿದಾಗ ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ. ವಾಲ್ವ್‌ನ ಗಾಜಿನ ತುದಿಯಲ್ಲಿ ಕನ್ನಡಿಯಂತೆ ಬೆಳ್ಳಿ ಬಣ್ಣ ಇರಬೇಕು. ಅದು ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಒಳಗೆ ಹೋಗಿದೆ, ಆ ವಾಲ್ವ್ ಸತ್ತಿದೆ. ಒಂದೆರಡು ವಾಲ್ವ್ ಸತ್ತಿದ್ದರೆ ಚಿಂತೆಯಿಲ್ಲ. ಇಎಲ್ 84, ಇಸಿಸಿ 83 ಇವತ್ತಿಗೂ ರಷ್ಯಾ, ಸ್ಲೊವಾಕಿಯಾ, ಚೀನಾದಲ್ಲಿ ತಯಾರಾಗುತ್ತವೆ. ಹಳೆ ಸ್ಟಾಕಿನಲ್ಲಿ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ವಾಲ್ವ್‌ಗಳೂ ಸಿಗುತ್ತವೆ. ನಮ್ಮೂರಿನ ಮಾಲು ಅಂತ ಹೇಳುತ್ತಿಲ್ಲ, ನಿಜಕ್ಕೂ ಚೆನ್ನಾಗಿವೆ.

ಡಯಲ್ ಗಾಜು ಒಡೆದಿದ್ದರೆ ಯೋಚಿಸಿ. ಟ್ರಾನ್ಸ್‌ಫಾರ್ಮರ್ ಮತ್ತೆ ಸುತ್ತಿಸಬಹುದು, ಸ್ಟೇಷನ್ ಹೆಸರುಗಳಿರುವ ಆ ಗಾಜು ಇನ್ನೊಂದು ಸಿಗುವುದು ಕಷ್ಟ. ಕ್ಯಾಬಿನೆಟ್ಟಿನ ಕೆಳಗೆ ಗೆದ್ದಲು ಹಿಡಿದಿದೆಯಾ, ಪ್ಲೈ ಉಬ್ಬಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಸಮುದ್ರದ ಗಾಳಿಗೆ ಚಾಸಿಯ ಮೇಲೆ ಸ್ವಲ್ಪ ತುಕ್ಕು ಇದ್ದೇ ಇರುತ್ತದೆ. ಮೇಲಿನ ತುಕ್ಕು ಪರವಾಗಿಲ್ಲ, ಪದರ ಏಳುವ ತುಕ್ಕು ಬೇಡ.

ಸಾಮಾನು

ಇಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಒಂದು ಸುತ್ತು ಹೊಡೆದರೆ ಎಲ್ಲ ಸಿಗುತ್ತದೆ. ಕನಿಷ್ಠ 600 ವೋಲ್ಟ್ ಅಳೆಯುವ ಒಳ್ಳೆ ಮೀಟರ್ (ಮಲ್ಟಿಮೀಟರ್), ಬೆಸುಗೆ ಹಾಕುವ ಐರನ್, 60/40 ಲೆಡ್ (ಬೆಸುಗೆ ತಂತಿ), ಹಳೆ ಬೆಸುಗೆ ಹೀರುವ ಪಂಪು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಚಾಸಿಗೆ ನೇರ ಬೆಸುಗೆ ಇರುವ ಕಡೆ 35 ವ್ಯಾಟ್ ಐರನ್ ಸಾಲದು, 60 ವ್ಯಾಟಿನದು ಬೇಕು. ಮೀಟರಿನಲ್ಲಿ ಕಂಜೂಸಿ ಮಾಡಬೇಡಿ. ಉಳಿದದ್ದು ಅಗ್ಗದ್ದಾದರೂ ನಡೆಯುತ್ತದೆ.

ಇನ್ನೊಂದನ್ನು ನೀವೇ ಮಾಡಿಕೊಳ್ಳಬೇಕು: ಸೀರೀಸ್ ಬೋರ್ಡ್. ಒಂದು ಹೋಲ್ಡರ್, ಒಂದು ಸಾಕೆಟ್, ಒಂದು ಸ್ವಿಚ್. ರೇಡಿಯೋಗೆ ಹೋಗುವ ಫೇಸ್ ವೈರು ಬಲ್ಬಿನ ಮೂಲಕವೇ ಹಾದುಹೋಗಬೇಕು. ಬಲ್ಬು 60 ವ್ಯಾಟಿನ ಹಳೆ ಥರದ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ರೇಡಿಯೋದಲ್ಲಿ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಬದುಕುತ್ತದೆ. ವೈರಿಂಗ್ ಗೊತ್ತಿಲ್ಲದಿದ್ದರೆ ಬಿಲ್ಡಿಂಗಿನ ಇಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಜೀವದ ವಿಷಯ

ವಾಲ್ವ್ ಸೆಟ್ಟಿನೊಳಗೆ 200ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ (ಡಿಸಿಯ ಏರಿಳಿತ ಸಮ ಮಾಡುವ ದೊಡ್ಡ ಕಂಡೆನ್ಸರ್) ಅದು ಉಳಿದಿರಬಹುದು. ಹಾಗಾಗಿ ಪ್ರತಿ ಸಲ ಕೈ ಹಾಕುವ ಮುಂಚೆ ಪ್ಲಗ್ ಕಿತ್ತು, 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟೆನ್ಸನ್ನು ಚೆನ್ನಾಗಿ ಇನ್ಸುಲೇಟ್ ಮಾಡಿದ ಕ್ಲಿಪ್ಪುಗಳ ಮೂಲಕ ಕಂಡೆನ್ಸರಿನ ಪ್ಲಸ್ಸಿಗೂ ಮೈನಸ್ಸಿಗೂ ಕೆಲವು ಸೆಕೆಂಡು ತಾಗಿಸಿ. ಆಮೇಲೆ ಮೀಟರಿನಲ್ಲಿ ಸೊನ್ನೆ ಬಂತಾ ನೋಡಿ. ಸ್ಕ್ರೂ ಡ್ರೈವರಿನಲ್ಲಿ ಶಾರ್ಟ್ ಮಾಡುವ ಶೂರತನ ಬೇಡ. ಕರೆಂಟಿದ್ದಾಗ ಅಳೆಯಬೇಕಾದರೆ ಮೀಟರಿನ ಕಪ್ಪು ವೈರನ್ನು ಮೊದಲೇ ಕ್ಲಿಪ್ ಹಾಕಿ ಚಾಸಿಗೆ ಸಿಕ್ಕಿಸಿ, ಒಂದೇ ಕೈಯಲ್ಲಿ ಅಳೆಯಿರಿ, ಇನ್ನೊಂದು ಕೈ ಜೇಬಿನಲ್ಲಿರಲಿ. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಮನೆಯಲ್ಲಿ ಯಾರೂ ಇಲ್ಲದಾಗ ಈ ಕೆಲಸ ಮಾಡಬೇಡಿ.

ಕೆಲವು ಹಳೆ ಡಬ್ಬಿಗಳಲ್ಲಿ ಬಿಸಿ ತಡೆಯಲು ವಾಲ್ವ್‌ಗಳ ಹತ್ತಿರ ಬೂದು-ಬಿಳಿ ಬಣ್ಣದ ಹಾಳೆ ಅಂಟಿಸಿರುತ್ತಾರೆ. ಅದು ಆಸ್ಬೆಸ್ಟಾಸ್ ಇರಬಹುದು. ಕೆರೆಯಬೇಡಿ, ಬ್ರಷ್ ಹಾಕಬೇಡಿ.

ಕರೆಂಟಿಲ್ಲದೆ ಮೀಟರ್ ಪರೀಕ್ಷೆ

ಮೊದಲು ಫೋಟೋ. ಚಾಸಿ ಹೊರತೆಗೆದು ಮೇಲೆ, ಕೆಳಗೆ, ಪಕ್ಕದಿಂದ ಬೇಕಾದಷ್ಟು ತೆಗೆದುಕೊಳ್ಳಿ. ಯಾವ ವಾಲ್ವ್ ಎಲ್ಲಿತ್ತು ಅಂತ ಚೀಟಿ ಬರೆದಿಡಿ. ಒಣ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಜಿರಳೆ ಮೊಟ್ಟೆ, ಇಲಿ ಕಡಿದ ವೈರು, ಎಲ್ಲ ಆಗಲೇ ಗೊತ್ತಾಗುತ್ತದೆ.

ಈಗ ಮೀಟರ್ ಓಮ್‌ನಲ್ಲಿಟ್ಟು, ರೇಡಿಯೋದ ಸ್ವಿಚ್ ಆನ್ ಮಾಡಿ, ಪ್ಲಗ್ಗಿನ ಎರಡು ಪಿನ್‌ಗಳ ನಡುವೆ ಅಳೆಯಿರಿ. ಹೆಚ್ಚಾಗಿ ಕೆಲವು ಹತ್ತು ಓಮ್ ಬರುತ್ತದೆ. ಏನೂ ಬರದಿದ್ದರೆ ವೈರು, ಸ್ವಿಚ್, ಫ್ಯೂಸ್ ನೋಡಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಪಡಿ. ಮುಂದೆ ಪ್ಲಗ್ಗಿನ ಪ್ರತಿ ಪಿನ್ನಿನಿಂದ ಚಾಸಿಗೆ ಅಳೆಯಿರಿ. ಏನೂ ತೋರಿಸಬಾರದು. ಏನಾದರೂ ತೋರಿಸಿದರೆ ಅದು ಚಾಸಿಗೆ ಕರೆಂಟು ಬರುವ ಸೆಟ್ಟು, ಇಲ್ಲವೇ ಇನ್ಸುಲೇಶನ್ ಹೋಗಿದೆ. ಟ್ರಾನ್ಸ್‌ಫಾರ್ಮರ್ ಕಾಣುತ್ತಿದೆ ಅಂತ ಈ ಪರೀಕ್ಷೆ ಬಿಡಬೇಡಿ. ಆಟೋ ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟುಗಳು ನೋಡಲು ಹಾಗೇ ಇರುತ್ತವೆ, ಆದರೆ ಚಾಸಿ ಮೇನ್ಸಿಗೇ ಜೋಡಿಯಾಗಿರುತ್ತದೆ.

ಆಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ಕೊನೆಯ ವಾಲ್ವ್‌ಗೂ ಸ್ಪೀಕರಿಗೂ ನಡುವೆ ಇರುವುದು. ಸಾಯುವುದರಲ್ಲಿ ಇದೇ ಮುಂದು. ಸ್ಪೀಕರ್ ನಡೆಸುವ ವಾಲ್ವ್ ಇಎಲ್ 84 ಆಗಿದ್ದರೆ ಅದರ ಸಾಕೆಟ್ಟಿನ 7ನೇ ಪಿನ್ನಿನಿಂದ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತುದಿಗೆ ಕೆಲವು ನೂರು ಓಮ್ ಬರಬೇಕು. ಬರದಿದ್ದರೆ ಒಳಗೆ ತಂತಿ ಕಡಿದಿದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿದರೆ ಸುತ್ತಿಕೊಡುವವರ ವಿಳಾಸ ಸಿಗುತ್ತದೆ. ಇಎಲ್ 84ಗೆ ಪ್ರೈಮರಿ ಸುಮಾರು 5 ಕಿಲೋ ಓಮ್ ಇಂಪಿಡೆನ್ಸ್ ಅಂತ ಹೇಳಿ. ಇದು ಮೀಟರಿನಲ್ಲಿ ಕಾಣುವ ಓಮ್ ಅಲ್ಲ, ಎರಡನ್ನೂ ಬೆರೆಸಬೇಡಿ. ಸ್ಪೀಕರಿಗೆ 1.5 ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ. ಟಪ್ ಅಂದರೆ ಬದುಕಿದೆ. ಪೇಪರ್ ಕೋನ್ ಹರಿದಿದ್ದರೆ ತೆಳು ಟಿಶ್ಯೂ ಮತ್ತು ನೀರು ಬೆರೆಸಿದ ಫೆವಿಕಾಲ್ ಸಾಕು.

ಕಂಡೆನ್ಸರ್ ಬದಲಾಯಿಸುವುದು

ಅಸಲಿ ಕೆಲಸ ಇದು. ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು ಅಂತ ತಿಳಿದರೆ ಮುಕ್ಕಾಲು ಪಾಲು ಮುಗಿದಂತೆ. ಮೇಣ ಹಚ್ಚಿದ ಪೇಪರ್ ಕಂಡೆನ್ಸರ್ ಎಲ್ಲವೂ ಹೋಗಬೇಕು. ಚೆನ್ನಾಗಿ ಕಂಡರೂ ಹೋಗಬೇಕು. ಎಲೆಕ್ಟ್ರೊಲಿಟಿಕ್ ಎಲ್ಲವೂ ಹೋಗಬೇಕು. ಮೈಕಾ, ಸೆರಾಮಿಕ್ ಹಾಗೇ ಇರಲಿ. ಐಎಫ್‌ಟಿ ಡಬ್ಬಿಗಳಿಗೆ (ಸ್ಟೇಷನ್ ಸಿಗ್ನಲ್ ಆರಿಸುವ ಕಾಯಿಲ್ ಇರುವ ಲೋಹದ ಡಬ್ಬಿಗಳು) ಕೈ ಹಾಕಬೇಡಿ, ಅದರೊಳಗಿನ ಸ್ಕ್ರೂ ತಿರುಗಿಸಲು ಕೈ ತುರಿಸಿದರೂ ತಡೆದುಕೊಳ್ಳಿ. ಫ್ಯಾಕ್ಟರಿಯಲ್ಲಿ ಹೊಂದಿಸಿದ್ದು ಅದು. ಸಿಗ್ನಲ್ ಜನರೇಟರ್ ಇಲ್ಲದೆ ಅದನ್ನು ಮತ್ತೆ ಹೊಂದಿಸಲು ಒದ್ದಾಡಬೇಕಾಗುತ್ತದೆ.

ಮೊದಲು ಬದಲಿಸಬೇಕಾದದ್ದು ಕಪ್ಲಿಂಗ್ ಕಂಡೆನ್ಸರ್. ಹಿಂದಿನ ವಾಲ್ವ್‌ನ ಪ್ಲೇಟಿನಿಂದ (ಒಳಗಿನ ಲೋಹದ ತಗಡು) ಇಎಲ್ 84ರ ಗ್ರಿಡ್ಡಿಗೆ (ಕರೆಂಟಿನ ಹರಿವು ಹಿಡಿತದಲ್ಲಿಡುವ ಜಾಲರಿ), ಅಂದರೆ 2ನೇ ಪಿನ್ನಿಗೆ ಬರುವುದು. ಹೆಚ್ಚಾಗಿ 0.01ರಿಂದ 0.022 ಮೈಕ್ರೋಫ್ಯಾರಡ್. ಇದು ಲೀಕ್ ಆದರೆ ಗ್ರಿಡ್ಡಿಗೆ ಪ್ಲಸ್ ವೋಲ್ಟೇಜ್ ಬರುತ್ತದೆ, ಇಎಲ್ 84 ತಡೆಯಿಲ್ಲದೆ ಕರೆಂಟು ಎಳೆಯುತ್ತದೆ. ಪ್ಲೇಟು ಕೆಂಪಗಾಗುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸತ್ತ ಟ್ರಾನ್ಸ್‌ಫಾರ್ಮರ್ ಕಂಡರೆ ಮೊದಲ ಅನುಮಾನ ಈ ಚಿಕ್ಕ ಕಂಡೆನ್ಸರಿನ ಮೇಲೇ ಇರಲಿ.

ಹೊಸದಕ್ಕೆ 630 ವೋಲ್ಟಿನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೇಳಿ. ಹಳೆಯದರ ಮೇಲೆ .01 ಎಂಎಫ್‌ಡಿ (ಮೈಕ್ರೋಫ್ಯಾರಡ್) ಅಂತ ಇದ್ದರೆ ಹೊಸದರ ಮೇಲೆ 103 ಅಂತ ಇರುತ್ತದೆ. 0.022ಕ್ಕೆ 223, 0.047ಕ್ಕೆ 473, 0.1ಕ್ಕೆ 104. ಹಳೆಯದರ ಮೇಲೆ 1000 ವೋಲ್ಟ್ ಅಂತ ಇದ್ದರೆ ಹೊಸದೂ ಅಷ್ಟರದ್ದೇ ಇರಲಿ. ಮೇನ್ಸಿಗೆ ನೇರ ಅಡ್ಡ ಹಾಕಿದ ಕಂಡೆನ್ಸರ್ ಇದ್ದರೆ ಅಲ್ಲಿಗೆ ಎಕ್ಸ್2 ಅಂತ ಬರೆದ 275 ವೋಲ್ಟ್ ಎಸಿಯದ್ದೇ ಬೇಕು.

ಫಿಲ್ಟರ್ ಕಂಡೆನ್ಸರ್ ಅಲ್ಯೂಮಿನಿಯಂ ಡಬ್ಬಿಯಲ್ಲಿ ಎರಡು ಸೇರಿ ಇರುತ್ತದೆ, 50+50 ಅಥವಾ 32+32. ಡಬ್ಬಿ ಚಂದಕ್ಕೆ ಮೇಲೆ ಇರಲಿ, ಅದರ ವೈರುಗಳನ್ನು ಬಿಡಿಸಿ, 47 ಮೈಕ್ರೋಫ್ಯಾರಡ್, 450 ವೋಲ್ಟಿನ ಎರಡನ್ನು ಚಾಸಿಯ ಕೆಳಗೆ ಕೂರಿಸಿ. 32ರ ಜಾಗಕ್ಕೆ 33. ಪ್ಲಸ್ ಮೈನಸ್ ಎರಡು ಸಲ ನೋಡಿ, ತಿರುಗುಮುರುಗು ಹಾಕಿದರೆ ಸಿಡಿಯುತ್ತದೆ. ಕೆಲವು ಸೆಟ್ಟಿನಲ್ಲಿ ಮೈನಸ್ ನೇರ ಚಾಸಿಗೆ ಹೋಗಿರುವುದಿಲ್ಲ, ಮೊದಲಿದ್ದ ಜಾಗಕ್ಕೇ ಹೋಗಬೇಕು. ಹಮ್ (ಗುಂಯ್ ಸದ್ದು) ಕಡಿಮೆ ಆಗಲಿ ಅಂತ 100, 220 ಹಾಕುವವರಿದ್ದಾರೆ. ಇಝಡ್ 80, ಇಝಡ್ 81 ರೆಕ್ಟಿಫೈಯರುಗಳು (ಎಸಿಯನ್ನು ಡಿಸಿ ಮಾಡುವ ವಾಲ್ವ್) ಮೊದಲ ಕಂಡೆನ್ಸರಿನಲ್ಲಿ 50ರ ತನಕ ಮಾತ್ರ ತಾಳುತ್ತವೆ. ಅದಕ್ಕಿಂತ ದೊಡ್ಡದು ಹಾಕಿದರೆ ವಾಲ್ವ್ ಹಾಳು.

ಒಂದು ಕತ್ತರಿಸಿ, ಒಂದು ಹಾಕಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಕೀಳಬೇಡಿ. ನಡುವೆ ದೊಡ್ಡ ಬೆಲೆಯ ಕಾರ್ಬನ್ ರೆಸಿಸ್ಟೆನ್ಸ್‌ಗಳನ್ನೂ ಅಳೆಯಿರಿ. ವಯಸ್ಸಾದಂತೆ ಅವುಗಳ ಓಮ್ ಏರುತ್ತದೆ. ಬರೆದದ್ದಕ್ಕಿಂತ ಶೇಕಡ 20 ದಾಟಿದ್ದರೆ ಬದಲಿಸಿ. ಮೇನ್ಸ್ ವೈರು ಮೂರು ಕೋರಿನ ಹೊಸದು ಇರಲಿ, ಚಾಸಿ ಮೇನ್ಸಿಗೆ ಜೋಡಿಯಾಗದ ಟ್ರಾನ್ಸ್‌ಫಾರ್ಮರ್ ಸೆಟ್ಟಿಗೆ ಮಾತ್ರ ಚಾಸಿಯನ್ನು ಅರ್ತ್ ಮಾಡಿ, ಫೇಸಿಗೆ 500 ಮಿಲಿ ಆಂಪ್ ಸ್ಲೋ ಫ್ಯೂಸ್ ಹಾಕಿ. ಹಿಂದೆ ವೋಲ್ಟೇಜ್ ಆರಿಸುವ ಪ್ಲಗ್ ಇದ್ದರೆ 230 ಅಥವಾ 240ರಲ್ಲಿ ಇರಲಿ, 110ರಲ್ಲಿ ಇರದಂತೆ ನೋಡಿಕೊಳ್ಳಿ.

ಈಗ ಕರೆಂಟು

ಸ್ಪೀಕರ್ ಜೋಡಿಸಿದೆಯಾ? ಸ್ಪೀಕರ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಪಾಯ. ರೆಕ್ಟಿಫೈಯರ್ ವಾಲ್ವ್ ಕಿತ್ತಿಡಿ. ಸೀರೀಸ್ ಬೋರ್ಡಿನ ಮೂಲಕ ಆನ್ ಮಾಡಿ. ಡಯಲ್ ಬಲ್ಬು, ಫಿಲಮೆಂಟು ಮಂದವಾಗಿ ಕೆಂಪಗಾಗುತ್ತವೆ, ಬೋರ್ಡಿನ ಬಲ್ಬು ಮಂಕಾಗಿರಬೇಕು. ಪೂರ್ತಿ ಉರಿದರೆ ಆಫ್ ಮಾಡಿ, ಟ್ರಾನ್ಸ್‌ಫಾರ್ಮರಿನಲ್ಲಿ ಶಾರ್ಟ್ ಇದೆ.

ಎಲ್ಲ ಸರಿಯಿದ್ದರೆ ಆಫ್ ಮಾಡಿ ರೆಕ್ಟಿಫೈಯರ್ ಹಾಕಿ, ಮತ್ತೆ ಆನ್. ಬಲ್ಬು ಒಮ್ಮೆ ಬೆಳಗಿ ಮಂಕಾಗಬೇಕು. ಈಗ ಇಎಲ್ 84ರ 2ನೇ ಪಿನ್ನಿನಲ್ಲಿ ಡಿಸಿ ಅಳೆಯಿರಿ. ಸೊನ್ನೆ ಬರಬೇಕು. ಪ್ಲಸ್ ಬಂದರೆ ಕಪ್ಲಿಂಗ್ ಕಂಡೆನ್ಸರ್ ಅಥವಾ ವಾಲ್ವ್ ಕೆಟ್ಟಿದೆ. ಅದು ಸರಿಯಿದ್ದರೆ ಬೋರ್ಡ್ ಬಿಟ್ಟು ನೇರ ಮೇನ್ಸಿಗೆ ಹಾಕಿ, 3ನೇ ಪಿನ್ ನೋಡಿ. ಅಲ್ಲಿ 135–150 ಓಮ್ ರೆಸಿಸ್ಟೆನ್ಸ್ ಇದ್ದು 7 ವೋಲ್ಟ್ ಹತ್ತಿರ ಬಂದರೆ ಸುಮಾರು 50 ಮಿಲಿ ಆಂಪ್ ಹರಿಯುತ್ತಿದೆ ಎಂದರ್ಥ. ಅಷ್ಟೇ ಬೇಕಾದದ್ದು. 10 ದಾಟಿದರೆ ಆಫ್ ಮಾಡಿ ಹುಡುಕಿ. ಮೊದಲ ಅರ್ಧ ಗಂಟೆ ಸೆಟ್ಟಿನ ಪಕ್ಕದಿಂದ ಏಳಬೇಡಿ. ವಾಸನೆ ಬಂದರೂ, ಯಾವುದಾದರೂ ವಾಲ್ವ್‌ನ ಪ್ಲೇಟು ಕೆಂಪಾದರೂ ಕೂಡಲೇ ಆಫ್.

ಹಾಡಲು ಶುರುವಾದ ಮೇಲೆ

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಆಫ್ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ. ಬ್ಯಾಂಡ್ ಸ್ವಿಚ್ಚಿಗೂ ಅದೇ ಮದ್ದು. ಗುಂಯ್ ಅನ್ನುವ ಹಮ್ ದಪ್ಪಗೆ ಬಂದರೆ 100 ಹರ್ಟ್ಸ್, ಫಿಲ್ಟರಿನ ಕಡೆ ನೋಡಿ. ಅದಕ್ಕಿಂತ ಇಳಿದ ಸ್ವರದಲ್ಲಿ ಬಂದರೆ 50 ಹರ್ಟ್ಸ್, ಫಿಲಮೆಂಟ್ ವೈರು ಅಥವಾ ಅರ್ತ್.

ಡಯಲ್ ಗಾಜನ್ನು ಮುಂದಿನಿಂದ ಮಾತ್ರ ಒರೆಸಿ. ಅಕ್ಷರಗಳು ಹಿಂದುಗಡೆ ಇರುತ್ತವೆ, ಒದ್ದೆ ಬಟ್ಟೆ ತಾಗಿದರೆ ಕೊಲಂಬೊ, ದೆಹಲಿ, ಲಂಡನ್ ಎಲ್ಲವೂ ಬಟ್ಟೆಗೇ ಬಂದುಬಿಡುತ್ತವೆ. ಕ್ಯಾಬಿನೆಟ್ಟಿಗೆ ಮೆಲಮೈನ್ ಹೊಡೆಸಬೇಡಿ. ಮರಗೆಲಸದವರ ಹತ್ತಿರ ಚಪ್ಡಾ ಅರಗಿನ ಫ್ರೆಂಚ್ ಪಾಲಿಶ್ ಮಾಡಿಸಿ.

ಮೀಡಿಯಂ ವೇವ್ ಕೇಳಲು ಕಿಟಕಿಯ ಹೊರಗೆ ಕೆಲವು ಮೀಟರ್ ವೈರು ಬಿಡಿ, ಗುಡುಗು ಬಂದಾಗ ಕಿತ್ತುಹಾಕಿ. ಬರೀ ಗೊರ್ ಗೊರ್ ಬಂದರೆ ರೇಡಿಯೋವನ್ನು ಬಯ್ಯಬೇಡಿ, ಮನೆಯ ಎಲ್‌ಇಡಿ ಬಲ್ಬು, ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ರಾತ್ರಿ ಮೀಡಿಯಂ ವೇವ್ ದೂರ ಬರುತ್ತದೆ. ಆಗ 765 ಕಿಲೋಹರ್ಟ್ಸ್‌ನ ಧಾರವಾಡಕ್ಕೆ ಪ್ರಯತ್ನ ಮಾಡಬಹುದು. ಡಯಲ್ ಮೇಲೆ ತರಂಗದ ಉದ್ದ ಮೀಟರಿನಲ್ಲಿ ಬರೆದಿದ್ದರೆ 392ರ ಹತ್ತಿರ. ಬೆಂಗಳೂರು 612, ಅಂದರೆ 490 ಮೀಟರ್. ಸಿಕ್ಕರೆ ಖುಷಿ, ಸಿಗದಿದ್ದರೆ ಸೆಟ್ಟಿನ ತಪ್ಪಲ್ಲ.

ಫೋನ್ ಜೋಡಿಸಲು ಪಿಯು ಸಾಕೆಟ್. ಹೆಡ್‌ಫೋನ್ ಪಿನ್ನಿನ ಎಡ, ಬಲ ಎರಡನ್ನೂ ನೇರ ಕಟ್ಟಬೇಡಿ. ಎರಡಕ್ಕೂ ಒಂದೊಂದು 1 ಕಿಲೋ ಓಮ್ ಹಾಕಿ, ಆಮೇಲೆ ಸೇರಿಸಿ ಒಂದು ತೂತಿಗೆ ಕೊಡಿ. ಗ್ರೌಂಡ್ ಇನ್ನೊಂದಕ್ಕೆ. ಚಾಸಿಗೆ ಜೋಡಿಯಾದ ತೂತು ಯಾವುದು ಅಂತ ಮೀಟರ್ ಹೇಳುತ್ತದೆ. ಶೀಲ್ಡ್ ಇರುವ ವೈರೇ ಬಳಸಿ. ಫೋನ್ ಆಗ ಚಾರ್ಜಿಗೆ ಇಲ್ಲದಿದ್ದರೆ ಹಮ್ ಕಡಿಮೆ. ಎಸಿ-ಡಿಸಿ ಸೆಟ್ಟಿಗೆ, ಆಟೋ ಟ್ರಾನ್ಸ್‌ಫಾರ್ಮರ್ ಸೆಟ್ಟಿಗೆ ಮಾತ್ರ ಫೋನ್ ಯಾವತ್ತೂ ಜೋಡಿಸಬೇಡಿ, ಇಯರ್‌ಫೋನ್ ಪಿನ್ನಿನ ಮೂಲಕ ಮೇನ್ಸ್ ನಿಮ್ಮ ಕೈಗೇ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಸೆಟ್ಟನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ, ಅದರ ಬಿಸಿಯೇ ಒಳಗಿನ ತೇವ ಓಡಿಸುತ್ತದೆ. ಊರಿಗೆ ಹೋಗಿ ಮಳೆಗಾಲ ಪೂರ್ತಿ ಮುಚ್ಚಿಟ್ಟಿದ್ದರೆ, ಬಂದ ಮೇಲೆ ಮೊದಲ ಸಲ ಮತ್ತೆ ಸೀರೀಸ್ ಬೋರ್ಡಿನಿಂದಲೇ ಆನ್ ಮಾಡಿ.